ದೀಪದ ಎಣ್ಣೆಗೊಂದು ದತ್ತಿ

ಅಗಲಿದವರ ಹೆಸರು ಉಳಿಯಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಿರಿಯರು ತಂದೆತಾಯಿಗಳ ಹೆಸರಿನಲ್ಲಿ ಕೆರೆ ಕಟ್ಟಿಸಿದರು, ಅರವಟ್ಟಿಗೆಗಳನ್ನಿಟ್ಟರು, ಸಾಲುಮರಗಳನ್ನು ನೆಡಿಸಿದರು, ಛತ್ರಗಳನ್ನು ನಡೆಸಿದರು. ಕಾಲ ಬದಲಾದಂತೆ ದಾನದ ರೂಪವೂ ಬದಲಾಯಿತು. ಇಂದು ಯಾವುದೇ ವಿಶ್ವವಿದ್ಯಾನಿಲಯದ ಘಟಿಕೋತ್ಸವದ ಪುಸ್ತಿಕೆಯನ್ನು ತೆರೆದು ನೋಡಿದರೂ ಸ್ಮಾರಕ ಪದಕಗಳ ಪಟ್ಟಿಯೊಂದು ಕಣ್ಣಿಗೆ ಬೀಳುತ್ತದೆ. ಸಸ್ಯವಿಜ್ಞಾನಕ್ಕೂ ಅದರಲ್ಲಿ ಪಾಲುಂಟು. ಯಾರೋ ಪುಣ್ಯವಂತರು ತಮ್ಮ ಮನೆಯ ಹಿರಿಯರ ನೆನಪಿಗಾಗಿ ಹಣವನ್ನಿಟ್ಟಿದ್ದಾರೆ. ಅದರ ಬಡ್ಡಿಯಿಂದ ಅತ್ಯಧಿಕ ಅಂಕಗಳನ್ನು ಗಳಿಸಿದ ವಿದ್ಯಾರ್ಥಿಯ ಕೊರಳಿಗೆ ವರ್ಷಕ್ಕೊಂದು ಪದಕ ಬೀಳುತ್ತದೆ.

ಪದಕಗಳನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಬಡವರ ಮನೆಯ ಹುಡುಗಿಯೊಬ್ಬಳು ವೇದಿಕೆಯನ್ನೇರಿ ಅದನ್ನು ಸ್ವೀಕರಿಸುವಾಗ ಅವಳ ತಂದೆತಾಯಿಗಳ ಮುಖವನ್ನು ನೋಡಿದವರು ಯಾರೂ ಅದನ್ನು ವ್ಯರ್ಥವೆನ್ನಲಾರರು. ಆದರೆ ಪದಕವು ಓದಿ ಮುಗಿಸಿದ್ದಕ್ಕೆ ಸಲ್ಲುವ ಮನ್ನಣೆ. ಸಂಶೋಧನೆಯೋ ಇನ್ನೂ ತಿಳಿಯದುದರ ಬೆನ್ನು ಹತ್ತಿ ಹೋಗುವ ಕೆಲಸ. ಗಿಡಮರಗಳ ವಿಷಯದಲ್ಲಿ ಆ ಕೆಲಸ ಬಹು ನಿಧಾನವಾದುದು. ಬೀಜ ಮೊಳೆತು, ಸಸಿ ಬೆಳೆದು, ಹೂ ಬಿಟ್ಟು, ಕಾಯಿ ಕಚ್ಚುವವರೆಗೆ ಕಾದೇ ತೀರಬೇಕು. ಒಂದು ಮರದ ಸಂಗತಿಯನ್ನು ಪೂರ್ತಿಯಾಗಿ ಅರಿಯಲು ಒಬ್ಬ ಅಧ್ಯಾಪಕನ ಸೇವಾವಧಿ ಸಾಲದೆ ಹೋಗುವುದುಂಟು. ಸರ್ಕಾರದ ಅನುದಾನಗಳಿಗಾದರೋ ಮೂರು ವರ್ಷ, ಐದು ವರ್ಷ ಎಂಬ ಗಡುವುಗಳಿರುತ್ತವೆ. ಮರ ಆ ಗಡುವುಗಳನ್ನು ಅರಿಯದು. ಈ ನಿಧಾನಕ್ಕೆ ಹೊಂದುವ ಹಣವೆಂದರೆ ಅಸಲನ್ನು ಮುಟ್ಟದೆ ತಲೆಮಾರಿನಿಂದ ತಲೆಮಾರಿಗೆ ನಡೆದುಬರುವ ದತ್ತಿನಿಧಿಯೇ ಎಂದು ನನಗೆ ತೋರುತ್ತದೆ.

ಕನ್ನಡ ಕಲಿಸುವವನಿಗೆ ಸಸ್ಯಶಾಸ್ತ್ರದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಕನ್ನಡಿಗರಿಗೆ ಆ ಪ್ರಶ್ನೆ ಏಳಲಾರದು. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನು ಪಡೆದ ಆ ಗ್ರಂಥದ ಕರ್ತೃವನ್ನು ನಾವು ಸಾಹಿತಿಯೆಂದು ಕೊಂಡಾಡುತ್ತೇವೆ. ಜಗತ್ತಿನ ಸಸ್ಯವಿಜ್ಞಾನಿಗಳು ಅವರನ್ನು ಬೇರೊಂದು ಕಾರಣಕ್ಕಾಗಿ ನೆನೆಯುತ್ತಾರೆ. 1940ರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೇಯ್ಲಿ ಎಂಬ ವಿದ್ವಾಂಸರೊಡನೆ ಕೆಲಸ ಮಾಡಿದರು. ಅವರಿಬ್ಬರ ಲೇಖನಗಳಲ್ಲಿ ಕೆಲವು ‘ಅರ್ನಾಲ್ಡ್ ಅರ್ಬೊರೇಟಂ’ ಎಂಬ ವೃಕ್ಷವನದ ಪತ್ರಿಕೆಯಲ್ಲಿ ಅಚ್ಚಾದವು. ಆ ವೃಕ್ಷವನದ ಕಥೆಯೇ ದತ್ತಿಯೊಂದರ ಕಥೆ.

ಬೆಂಜಮಿನ್ ಬಸ್ಸಿ ಎಂಬ ಬಾಸ್ಟನ್ನಿನ ವರ್ತಕನು 1842ರಲ್ಲಿ ತೀರಿಕೊಂಡಾಗ ಕೃಷಿವಿದ್ಯೆಗೆಂದು ತನ್ನ ಜಮೀನನ್ನು ಹಾರ್ವರ್ಡಿಗೆ ಬರೆದಿಟ್ಟಿದ್ದನು. ಜೇಮ್ಸ್ ಅರ್ನಾಲ್ಡ್ ಎಂಬ ಇನ್ನೊಬ್ಬನು ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ತಿಮಿಂಗಿಲ ಬೇಟೆಯ ವ್ಯಾಪಾರದಿಂದ ಸಿರಿವಂತನಾದವನು. 1868ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಆಸ್ತಿಯ ಒಂದು ಭಾಗ, ಸುಮಾರು ಒಂದು ಲಕ್ಷ ಡಾಲರು, ಧರ್ಮದರ್ಶಿಗಳ ಕೈಗೆ ಬಂದಿತು. ಬೇಸಾಯ ಅಥವಾ ತೋಟಗಾರಿಕೆಯ ಏಳಿಗೆಗೋ ಇಂಥ ಮತ್ತಾವುದಾದರೂ ಸತ್ಕಾರ್ಯಕ್ಕೋ ಅವರು ತಮ್ಮ ವಿವೇಚನೆಯಂತೆ ಅದನ್ನು ಬಳಸಬೇಕೆಂಬುದಷ್ಟೇ ಅವನ ಆಶಯ. ಅವರು ಬಲ್ಲವರೊಡನೆ ಆಲೋಚಿಸಿ, ಬಸ್ಸಿಯ ನೆಲವನ್ನೂ ಅರ್ನಾಲ್ಡನ ಹಣವನ್ನೂ ಕೂಡಿಸಿ, 1872ರಲ್ಲಿ ವೃಕ್ಷವನವನ್ನು ಸ್ಥಾಪಿಸಲು ವಿಶ್ವವಿದ್ಯಾನಿಲಯದೊಡನೆ ಒಪ್ಪಂದ ಮಾಡಿಕೊಂಡರು. ಆ ನೆಲದ ಹವೆಯಲ್ಲಿ ಬಯಲಿನಲ್ಲೇ ಬದುಕಬಲ್ಲ ಮರಗಿಡಗಳನ್ನೆಲ್ಲ ಸಾಧ್ಯವಾದಮಟ್ಟಿಗೆ ಅಲ್ಲಿ ಬೆಳೆಸಬೇಕೆಂದು ನಿಶ್ಚಯವಾಯಿತು. 1873ರಲ್ಲಿ ನಿರ್ದೇಶಕರಾದ ಚಾರ್ಲ್ಸ್ ಸಾರ್ಜೆಂಟರು 1927ರಲ್ಲಿ ತೀರಿಕೊಳ್ಳುವವರೆಗೆ ಆ ಸ್ಥಾನದಲ್ಲಿಯೇ ಇದ್ದರು. 1882ರಲ್ಲಿ ಆ ಜಮೀನನ್ನು ಬಾಸ್ಟನ್ ನಗರಕ್ಕೆ ಒಪ್ಪಿಸಿ, ವರ್ಷಕ್ಕೆ ಒಂದು ಡಾಲರಿನ ಗುತ್ತಿಗೆಯ ಮೇಲೆ ಹಾರ್ವರ್ಡು ಅದನ್ನು 1,000 ವರ್ಷಗಳಿಗೆ ಹಿಂದಕ್ಕೆ ಪಡೆದುಕೊಂಡಿತು. ಸಾವಿರ ವರ್ಷದ ಗುತ್ತಿಗೆ ಎಂದರೆ ಕೇಳಿದವರು ನಗಬಹುದು. ಮರ ನೆಡುವವನ ಲೆಕ್ಕಾಚಾರ ಹಾಗೆಯೇ ಇರಬೇಕಲ್ಲವೆ?

ಇಂತಹ ನೆಲೆಯಲ್ಲಿ ಬೆಳೆದ ವಿದ್ಯೆಯ ಫಲ ಎಂಥದು ಎಂಬುದಕ್ಕೆ ಸ್ವಾಮಿಯವರದೇ ಒಂದು ಕೆಲಸವನ್ನು ನಿದರ್ಶನವಾಗಿ ಹೇಳಬಹುದು. ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಎಂಬ ಪೊದೆಗಿಡವೊಂದುಂಟು. ಹೂ ಬಿಡುವ ಬಹುತೇಕ ಸಸ್ಯಗಳ ಕಟ್ಟಿಗೆಯಲ್ಲಿ ನೀರನ್ನೊಯ್ಯುವ ಅಗಲವಾದ ನಾಳಗಳಿರುತ್ತವೆ. ಈ ಗಿಡದಲ್ಲಿ ಅವಿಲ್ಲ. ಬೇಯ್ಲಿ ಮತ್ತು ಸ್ವಾಮಿಯವರು 1948ರಲ್ಲಿ ಇದರ ರಚನೆಯನ್ನು ವಿವರಿಸಿ ಲೇಖನ ಬರೆದರು. ಆಗ ಅದರಿಂದ ಯಾರ ಹೊಲದಲ್ಲಿಯೂ ಒಂದು ಸೇರು ಕಾಳು ಹೆಚ್ಚಾಗಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ, 1999ರಲ್ಲಿ, ಡಿಎನ್‌ಎ ಪರೀಕ್ಷೆಗಳು ಬೇರೊಂದು ದಾರಿಯಿಂದ ಅದೇ ಗಿಡದ ಬಳಿಗೆ ಬಂದವು. ಹೂಗಿಡಗಳ ವಂಶವೃಕ್ಷದಲ್ಲಿ ಮಿಕ್ಕೆಲ್ಲವುಗಳಿಂದ ಮೊದಲು ಕವಲೊಡೆದ ಶಾಖೆಯಲ್ಲಿ ಇಂದಿಗೂ ಉಳಿದಿರುವ ಒಂದೇ ಗಿಡ ಆಂಬೊರೆಲ್ಲ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಹುಮಟ್ಟಿಗೆ ನೆಲೆಗೊಂಡಿತು. ಹೂವೆಂಬುದು ಭೂಮಿಯ ಮೇಲೆ ಹೇಗೆ ಬಂದಿತೆಂದು ವಿಚಾರಿಸುವವರೆಲ್ಲ ಇಂದು ಆ ಗಿಡವನ್ನು ಪರಿಗಣಿಸಲೇಬೇಕು. ತಿಮಿಂಗಿಲದ ವ್ಯಾಪಾರಿಗೆ ಆಂಬೊರೆಲ್ಲದ ಹೆಸರು ತಿಳಿದಿರಲಾರದು. ಮೈಸೂರು ಸೀಮೆಯ ಕನ್ನಡಿಗನೊಬ್ಬ ತನ್ನ ಹೆಸರಿನ ಪತ್ರಿಕೆಯಲ್ಲಿ ಬರೆಯುತ್ತಾನೆಂಬ ಕನಸೂ ಅವನಿಗೆ ಬಿದ್ದಿರಲಾರದು. ಕೊಟ್ಟವನು ಫಲವನ್ನು ಗೊತ್ತುಮಾಡದೆ ಕೊಟ್ಟದ್ದರಿಂದಲೇ ಈ ಫಲ ಸಾಧ್ಯವಾಯಿತು.

ಇದು ಅಮೆರಿಕದ ಸಿರಿವಂತರ ಮಾತಾಯಿತು, ನಮ್ಮವರಿಂದ ಆಗುವುದೇ ಎಂದು ಅನುಮಾನಿಸಬೇಕಾಗಿಲ್ಲ. 1907 ಮತ್ತು 1908ರ ಕಾಂಗ್ರೆಸ್ ಅಧಿವೇಶನಗಳ ಅಧ್ಯಕ್ಷರಾಗಿದ್ದ ರಾಸಬಿಹಾರಿ ಘೋಷರು ಕಲ್ಕತ್ತೆಯ ದೊಡ್ಡ ವಕೀಲರು. 1913ರಲ್ಲಿ ಅವರು ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ 10 ಲಕ್ಷ ರೂಪಾಯಿಗಳನ್ನು ಕೊಟ್ಟರು. ಅದರಿಂದ ಏರ್ಪಟ್ಟ ನಾಲ್ಕು ಪ್ರಾಧ್ಯಾಪಕ ಪೀಠಗಳಲ್ಲಿ ಒಂದು, ಕೃಷಿಯ ಕಡೆ ವಿಶೇಷ ಲಕ್ಷ್ಯವಿರಬೇಕಾದ ಸಸ್ಯಶಾಸ್ತ್ರದ ಪೀಠ. ಆ ಪೀಠಕ್ಕೆ ಬಂದವರು ಮಾಲವಣದಲ್ಲಿ ಹುಟ್ಟಿದ ಶಂಕರ ಪುರುಷೋತ್ತಮ ಆಘಾರಕರರು. ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಹೋದವರು ಮೊದಲ ಮಹಾಯುದ್ಧದಲ್ಲಿ ಅಲ್ಲಿಯೇ ಸೆರೆಯಾದರು, ಆದರೂ ಪಿಎಚ್.ಡಿ. ಪದವಿಯನ್ನು ಪಡೆದು ಹಿಂದಿರುಗಿ, 1946ರವರೆಗೆ ಕಲ್ಕತ್ತೆಯಲ್ಲಿ ಪಾಠ ಹೇಳಿದರು. ನಿವೃತ್ತರಾದ ವರ್ಷವೇ ಪುಣೆಯಲ್ಲಿ ಅವರು ಮುಂದೆ ನಿಂತು ಕಟ್ಟಿದ ವಿಜ್ಞಾನಸಂಸ್ಥೆ ಇಂದು ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಒಬ್ಬ ವಕೀಲರು ಒಂದು ಪೀಠಕ್ಕೆ ಕೊಟ್ಟ ಹಣ ಒಬ್ಬ ಅಧ್ಯಾಪಕರನ್ನು ಬೆಳೆಸಿತು. ಆ ಅಧ್ಯಾಪಕರು ಇನ್ನೊಂದು ಸಂಸ್ಥೆಯನ್ನು ಬೆಳೆಸಿದರು.

ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಶಾಸನವೊಂದಿದೆ. ರಾಜನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು, ಶಾಲೆಯ ನಿರ್ವಾಹಕ್ಕೆ ಭೂಮಿ ಎಲ್ಲವೂ ದತ್ತಿಯಾಗಿ ಸಂದವು. ಊರಿನವರು ತಮ್ಮ ಮನೆಯ ಮದುವೆ, ಉಪನಯನಗಳ ಸಂದರ್ಭದಲ್ಲಿ ಇಂತಿಷ್ಟು ಕೊಡಬೇಕೆಂಬ ಕಟ್ಟಳೆಯೂ ಆಯಿತು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಒಂದು ಸಣ್ಣ ಬಾಬು: ದೀಪಕ್ಕೆಂದು 12 ನಿವರ್ತನ ಭೂಮಿ. ಕಟ್ಟಡ ಕಟ್ಟಿಸಿದವನ ಹೆಸರನ್ನು ಕಲ್ಲು ಹೇಳುತ್ತದೆ. ಆದರೆ ರಾತ್ರಿ ಓದುವ ಹುಡುಗನಿಗೆ ಬೇಕಾದುದು ಎಣ್ಣೆ. ಆ ಎಣ್ಣೆ ಈ ವರ್ಷ ಸುರಿದರೆ ಸಾಲದು, ಪ್ರತಿ ವರ್ಷವೂ ಬೇಕು ಎಂಬುದನ್ನು ಅರಿತವರು ಅದಕ್ಕಾಗಿಯೇ ಹೊಲವನ್ನು ಬಿಟ್ಟುಕೊಟ್ಟರು.

ನಮ್ಮ ಸಸ್ಯಶಾಸ್ತ್ರ ವಿಭಾಗಗಳಿಗೆ ಇಂದು ಬೇಕಾಗಿರುವುದೂ ಇಂತಹ ಎಣ್ಣೆಯೇ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಣಗಿಸಿದ ಗಿಡಗಳನ್ನು ಹಾಳೆಗಳಿಗೆ ಅಂಟಿಸಿಟ್ಟ ಬೀರುಗಳಿವೆ. ಹರ್ಬೇರಿಯಂ ಎಂದು ಅದನ್ನು ಕರೆಯುತ್ತಾರೆ. ಹಿಂದಿನ ಅಧ್ಯಾಪಕರೊಬ್ಬರು ಹಳ್ಳಿಹಳ್ಳಿ ತಿರುಗಿ ಗಿಡಗಳನ್ನು ತಂದು, ಪ್ರತಿಯೊಂದು ಹಾಳೆಯ ಮೂಲೆಯಲ್ಲಿ ಶಾಸ್ತ್ರೀಯ ನಾಮದ ಕೆಳಗೆ ಆ ಊರಿನ ಜನ ಕರೆಯುವ ಕನ್ನಡದ ಹೆಸರನ್ನೂ ತಮ್ಮ ಕೈಯಿಂದ ಬರೆದಿದ್ದಾರೆ. ಅವುಗಳಲ್ಲಿ ಕೆಲವು ಹೆಸರುಗಳು ನನ್ನ ಬಳಿಯಿರುವ ಯಾವ ನಿಘಂಟಿನಲ್ಲಿಯೂ ಇಲ್ಲ. ಹಾಳೆಗಳಿಗೆ ಹುಳು ಹತ್ತಿದೆ. ನುಸಿಗುಳಿಗೆ ತರಿಸಲು ಬಾಬಿಲ್ಲ. ಬೀರುವನ್ನು ತೆರೆದು ಗಾಳಿಯಾಡಿಸುವ ಸಹಾಯಕನ ಹುದ್ದೆ ತೆರವಾದುದು ತುಂಬಿಲ್ಲ. ಆ ಹಾಳೆಗಳು ಪುಡಿಯಾದ ದಿನ ಗಿಡದ ಸಾಕ್ಷ್ಯವೂ ಹೋದೀತು, ಕನ್ನಡದ ಮಾತೂ ಹೋದೀತು. ಅದೇ ವಿಭಾಗಕ್ಕೆ ಪದಕಗಳ ಕೊರತೆ ಇಲ್ಲ.

ಇಂತಹ ಹಾಳೆಗಳಿಂದ ಏನು ಪ್ರಯೋಜನವೆಂದು ಕೇಳುವವರು ಸೆಸಿಲ್ ಸಲ್ದಾನ ಅವರ ಕೆಲಸವನ್ನು ನೋಡಬೇಕು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಆ ಪಾದ್ರಿಗಳು ಡ್ಯಾನ್ ನಿಕೋಲ್ಸನ್ ಅವರೊಡಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದರು. ಆ ಮೇಲೆ ಇಡೀ ಕರ್ನಾಟಕದ ಸಸ್ಯಸಂಪತ್ತನ್ನು ಕುರಿತ ಗ್ರಂಥದ ಮೊದಲ ಸಂಪುಟ ಬಂದದ್ದು 1984ರಲ್ಲಿ, ಎರಡನೆಯದು 1996ರಲ್ಲಿ. ನಡುವೆ 12 ವರ್ಷ! ಸೋಮಾರಿತನದಿಂದಾದ ತಡ ಇದಲ್ಲ. ಗಿಡವನ್ನು ಹುಡುಕಿ, ಒಣಗಿಸಿ, ಹೋಲಿಸಿ, ಬರೆಯುವ ಕೆಲಸದ ನಡಿಗೆಯೇ ಅಂಥದು.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸವಲ್ಲವೆ, ದಾನಿಗಳ ಬಾಗಿಲಿಗೆ ಏಕೆ ಹೋಗಬೇಕು ಎಂಬ ವಾದವುಂಟು. ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳಲು ದತ್ತಿಗಳು ನೆಪವಾಗಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಅಧ್ಯಾಪಕರ ಸಂಬಳ, ಕಟ್ಟಡ, ಪ್ರಯೋಗಶಾಲೆ ಇವು ಸರ್ಕಾರದ ಕರ್ತವ್ಯ. ಆದರೆ ಇಂದು ಫಲ ಕಾಣದ, ವರದಿಯಲ್ಲಿ ಬರೆಯಲು ಏನೂ ಇಲ್ಲದ ದೀರ್ಘವಾದ ಕೆಲಸವನ್ನು ಕಾಯುವ ತಾಳ್ಮೆ ಆಯವ್ಯಯದ ಲೆಕ್ಕಕ್ಕೆ ಎಲ್ಲಿಂದ ಬರಬೇಕು?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಹಣ ಕೊಟ್ಟವರ ಇಚ್ಛೆ ದೊಡ್ಡದೋ, ವಿದ್ಯೆಯ ಅಗತ್ಯ ದೊಡ್ಡದೋ? ಅರ್ನಾಲ್ಡ್ ವೃಕ್ಷವನದಲ್ಲಿಯೂ ಈ ಜಗಳ ನಡೆಯಿತು. ವಿಶ್ವವಿದ್ಯಾನಿಲಯದ ಸಸ್ಯಸಂಗ್ರಹಗಳನ್ನೂ ಗ್ರಂಥಗಳನ್ನೂ ಒಂದೆಡೆ ಕೂಡಿಸಬೇಕೆಂದು 1945ರಲ್ಲಿ ಯೋಜನೆಯನ್ನು ಕೊಟ್ಟವರು ಸ್ವಾಮಿಯವರೊಡನೆ ಕೆಲಸ ಮಾಡಿದ ಬೇಯ್ಲಿಯವರೇ. 1950ರ ದಶಕದಲ್ಲಿ ಅದರಂತೆ ವೃಕ್ಷವನದ ಸಂಗ್ರಹದ ಬಹುಭಾಗ ಕೇಂಬ್ರಿಜಿಗೆ ಹೋಯಿತು. ದತ್ತಿಯ ಆಶಯಕ್ಕೆ ಇದರಿಂದ ಭಂಗವಾಯಿತೆಂದು ವೃಕ್ಷವನದ ಅಭಿಮಾನಿಗಳು ಎದ್ದುನಿಂತರು. ಮೊಕದ್ದಮೆ ನಡೆದು 1966ರಲ್ಲಿ ತೀರ್ಪು ವಿಶ್ವವಿದ್ಯಾನಿಲಯದ ಪರವಾಯಿತು. ಯಾರು ಗೆದ್ದರೆಂಬುದು ನನಗೆ ಮುಖ್ಯವಲ್ಲ. ಒಣಗಿದ ಎಲೆಗಳು ಎಲ್ಲಿರಬೇಕೆಂಬ ಪ್ರಶ್ನೆಗಾಗಿ ಒಂದು ನಾಡಿನ ಜನ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರಲ್ಲ, ಆ ಆಸ್ಥೆ ನಮಗಿನ್ನೂ ಬಂದಿಲ್ಲ. ನಮ್ಮಲ್ಲಿ ದತ್ತಿಯ ಹಣ ಏನಾಯಿತೆಂದು ಕೇಳುವವರೂ ವಿರಳ, ಹೇಳುವವರೂ ವಿರಳ.

ಆದ್ದರಿಂದ ಕೊಡುವವರಿಗೆ ಮೂರು ಮಾತು. ಉದ್ದೇಶವನ್ನು ಅಗಲವಾಗಿ ಹೇಳಿ, ವಿವರವನ್ನು ಬಲ್ಲವರಿಗೆ ಬಿಡಿ. ಬಡ್ಡಿಯನ್ನೆಲ್ಲ ಖರ್ಚುಮಾಡದೆ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸಬೇಕೆಂದು ಪತ್ರದಲ್ಲಿಯೇ ಬರೆಸಿ. ಹಿಂದೆ ಇಟ್ಟ ಕೆಲವು ಸಾವಿರ ರೂಪಾಯಿಗಳ ಬಡ್ಡಿಯಿಂದ ಇಂದು ಚಿನ್ನದ ಪದಕವನ್ನು ಮಾಡಿಸುವುದು ಆಗದ ಮಾತಾಗಿದೆ. ಒಬ್ಬರಿಗೆ ಭಾರವಾದರೆ ಹತ್ತು ಜನ ಹಳೆಯ ವಿದ್ಯಾರ್ಥಿಗಳು ಸೇರಿ ತಮ್ಮ ಗುರುಗಳ ಹೆಸರಿನಲ್ಲಿ ಕೊಡಿ. ಸಾಲೋಟಗಿಯ ಮದುವೆಯ ಮನೆಗಳು ಕೊಟ್ಟದ್ದೂ ಹಾಗೆಯೇ. ಪಡೆಯುವವರಿಗೆ ಒಂದೇ ಮಾತು: ಪ್ರತಿ ದತ್ತಿಯ ಲೆಕ್ಕವನ್ನೂ, ಅದರಿಂದ ನಡೆದ ಕೆಲಸವನ್ನೂ ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಿ.

ತಂದೆತಾಯಿಗಳ ನೆನಪಿಗೆ ಏನಾದರೂ ಮಾಡಬೇಕೆಂದಿರುವವರು ಆಡಳಿತ ಕಚೇರಿಗೆ ಹೋಗುವ ಮುನ್ನ ಒಮ್ಮೆ ತಮ್ಮೂರಿನ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದೊಳಕ್ಕೆ ಹೋಗಲಿ. ಬೀರುವಿನ ಬಾಗಿಲನ್ನು ತೆರೆಸಿ ನೋಡಲಿ. ಅಲ್ಲಿಯ ಅಧ್ಯಾಪಕರನ್ನು ‘ನಿಮಗೇನು ಬೇಕು?’ ಎಂದು ಕೇಳಲಿ. ಉತ್ತರ ಬಹಳ ದೊಡ್ಡದಾಗಿರಲಾರದು. ಕಾಡು ಸುತ್ತುವ ವಿದ್ಯಾರ್ಥಿಯ ಬಸ್ಸಿನ ಖರ್ಚು, ಹತ್ತು ವರ್ಷ ಒಂದೇ ತೋಟವನ್ನು ನೋಡಿಕೊಳ್ಳುವ ಮಾಲಿಯ ಕೂಲಿ, ಇಲ್ಲವೆ ಒಂದು ಡಬ್ಬಿ ನುಸಿಗುಳಿಗೆ ಎಂದಾದೀತು. ಅಷ್ಟಕ್ಕೆ ಹೆಸರು ಕೊಡಲು ಯಾರೂ ನಾಚಬೇಕಾಗಿಲ್ಲ.