ಎಕರೆಯಲ್ಲಿ ಅಳೆಯುವ ಚಿತ್ರನಗರಿ, ಅಡಿಯಲ್ಲಿ ಅಳೆಯುವ ಗೋಡೆ

2025ರ ಮಾರ್ಚ್ ತಿಂಗಳಿನಲ್ಲಿ ಮಂಡನೆಯಾದ ರಾಜ್ಯ ಆಯವ್ಯಯದಲ್ಲಿ ಚಿತ್ರರಂಗಕ್ಕೆ ಸಂಬಂಧಿಸಿದ ಘೋಷಣೆಗಳಿಗೆ ಕೊರತೆಯಿರಲಿಲ್ಲ. ಚಿತ್ರೋದ್ಯಮಕ್ಕೆ ಕೈಗಾರಿಕಾ ಸ್ಥಾನಮಾನ, ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ, ಜೊತೆಗೆ ಮೈಸೂರಿನಲ್ಲಿ ಅಂತರರಾಷ್ಟ್ರೀಯ ಗುಣಮಟ್ಟದ ಚಿತ್ರನಗರಿ. ಅದಕ್ಕಾಗಿ 150 ಎಕರೆ ಜಮೀನನ್ನು ವಾರ್ತಾ ಇಲಾಖೆಗೆ ಉಚಿತವಾಗಿ ವರ್ಗಾಯಿಸಿರುವುದಾಗಿಯೂ, ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ವೆಚ್ಚದಲ್ಲಿ ಅದು ತಲೆಯೆತ್ತಲಿದೆಯೆಂದೂ ತಿಳಿಸಲಾಯಿತು. ಇದಕ್ಕೆ ಕೆಲವೇ ದಿನಗಳ ಹಿಂದೆ, ಫೆಬ್ರವರಿ ಅಂತ್ಯದಲ್ಲಿ, ಬೆಂಗಳೂರಿನ ಇನ್ನೊಂದು ಮೂಲೆಯಿಂದ ಇನ್ನೊಂದು ಸುದ್ದಿ ಬಂದಿತ್ತು. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದುಬಿದ್ದು, ಅದರ ದೃಶ್ಯ ಪರಿಣಾಮಗಳ ಕಚೇರಿಗಳಲ್ಲಿ ದುಡಿಯುತ್ತಿದ್ದ ಸುಮಾರು ಮೂರು ಸಾವಿರ ಮಂದಿ ಹೆಚ್ಚುಕಡಿಮೆ ರಾತ್ರೋರಾತ್ರಿ ಕೆಲಸ ಕಳೆದುಕೊಂಡಿದ್ದರು.

ಮೊದಲನೆಯದು ಸಿನಿಮಾ ಪುಟದಲ್ಲಿ ಅಚ್ಚಾಯಿತು, ಎರಡನೆಯದು ವಾಣಿಜ್ಯ ಪುಟದಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದಿದವರು ವಿರಳ. ವಾಸ್ತವದಲ್ಲಿ ಇವೆರಡೂ ಒಂದೇ ಕಥೆಯ ಎರಡು ಅಧ್ಯಾಯಗಳು. ಈ ಮಾತು ಅರ್ಥವಾಗಬೇಕಾದರೆ ಲಾಸ್ ಏಂಜಲೀಸ್ ಸಮೀಪದ ಮ್ಯಾನ್‌ಹಟನ್ ಬೀಚ್‌ನಲ್ಲಿ ನಿಲ್ಲಿಸಲಾದ ಒಂದು ಗೋಡೆಯ ವಿಚಾರವನ್ನು ತಿಳಿಯಬೇಕು.

ಮರುಭೂಮಿಯೇ ಮನೆಯೊಳಗೆ

2019ರ ನವೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ 'ದಿ ಮ್ಯಾಂಡಲೋರಿಯನ್' ಧಾರಾವಾಹಿಯಲ್ಲಿ ಮರುಭೂಮಿಗಳಿವೆ, ಹಿಮಪ್ರದೇಶಗಳಿವೆ, ಪಾಳುಬಿದ್ದ ಪಟ್ಟಣಗಳಿವೆ. ಆದರೆ ಅದರ ಮೊದಲ ಸರಣಿಯ ಅರ್ಧಕ್ಕೂ ಹೆಚ್ಚು ಭಾಗದ ಚಿತ್ರೀಕರಣ ನಡೆದದ್ದು ಒಂದೇ ಸಭಾಂಗಣದಲ್ಲಿ. 75 ಅಡಿ ವ್ಯಾಸ, 20 ಅಡಿ ಎತ್ತರ, ಕುದುರೆಲಾಳದಂತೆ 270 ಡಿಗ್ರಿ ಬಾಗಿ ನಿಂತ ಎಲ್‌ಇಡಿ ಪರದೆ, ಮೇಲೆ ಎಲ್‌ಇಡಿಯದೇ ಚಾವಣಿ. 1,326 ಫಲಕಗಳನ್ನು ಜೋಡಿಸಿ ಕಟ್ಟಿದ ಈ ಗೋಡೆಯ ಮೇಲೆ, ವಿಡಿಯೊ ಆಟಗಳಿಗೆಂದು ಎಪಿಕ್ ಗೇಮ್ಸ್ ಸಂಸ್ಥೆ ರೂಪಿಸಿದ ಅನ್‌ರಿಯಲ್ ಎಂಜಿನ್ ತಂತ್ರಾಂಶದ ನೆರವಿನಿಂದ ಇಡೀ ಲೋಕವೊಂದು ಮೂಡುತ್ತಿತ್ತು. ನಟನ ಕಾಲಡಿಯ ಹತ್ತಿಪ್ಪತ್ತು ಅಡಿ ಮರಳು ನಿಜ; ಅದರಾಚೆಯ ಮೈಲುಗಟ್ಟಲೆ ಮರಳು ಬೆಳಕಿನದು.

ಇದರಲ್ಲೇನು ಹೊಸತು, ನಮ್ಮ ಕಂಪನಿ ನಾಟಕಗಳ ಚಿತ್ರಿತ ಪರದೆಯೂ ಇದೇ ತಾನೇ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅರಮನೆಯ ಪರದೆ ಮೇಲೇರಿ ಕಾಡಿನ ಪರದೆ ಕೆಳಗಿಳಿಯುವುದನ್ನು ಕಂಡ ತಲೆಮಾರಿಗೆ ಇದು ಅಪರಿಚಿತ ಕಲ್ಪನೆಯೇನಲ್ಲ. ಸಿನಿಮಾದಲ್ಲಿಯೂ 1930ರ ದಶಕದಿಂದಲೇ ಬ್ಯಾಕ್ ಪ್ರೊಜೆಕ್ಷನ್ ಇತ್ತು. ಸ್ಟುಡಿಯೊದೊಳಗೆ ನಿಂತೇ ಇರುವ ಕಾರಿನಲ್ಲಿ ಕುಳಿತು ನಾಯಕ ಚಕ್ರ ತಿರುಗಿಸುವುದು, ಹಿಂದಿನ ಪರದೆಯಲ್ಲಿ ರಸ್ತೆ ಓಡುವುದು - ಹಳೆಯ ಕಪ್ಪು ಬಿಳುಪು ಚಿತ್ರಗಳ ಈ ದೃಶ್ಯವನ್ನು ನೋಡಿ ನಗದವರಾರು? ನಗು ಬರಲು ಕಾರಣವೂ ಇತ್ತು. ಕ್ಯಾಮೆರಾ ಒಂದಿಷ್ಟು ಪಕ್ಕಕ್ಕೆ ಸರಿದರೂ ಪರದೆಯ ಚಿತ್ರ ಮಾತ್ರ ಸರಿಯುತ್ತಿರಲಿಲ್ಲ. ಹತ್ತಿರದ ಮರ ಬೇಗ, ದೂರದ ಬೆಟ್ಟ ನಿಧಾನವಾಗಿ ಚಲಿಸಬೇಕೆಂಬುದು ಕಣ್ಣಿಗೆ ಗೊತ್ತು. ಅದು ನಡೆಯದಿದ್ದರೆ ಮೋಸ ಬಯಲಾಗುತ್ತದೆ.

ಹೊಸ ಗೋಡೆ ಪರಿಹರಿಸಿರುವುದು ಈ ತೊಡಕನ್ನೇ. ಸಭಾಂಗಣದ ಸುತ್ತ ಅಳವಡಿಸಿದ ಸಂವೇದಕಗಳು ಕ್ಯಾಮೆರಾ ಎಲ್ಲಿದೆ, ಎತ್ತ ಮುಖಮಾಡಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಗಣಕಕ್ಕೆ ತಿಳಿಸುತ್ತವೆ. ಕ್ಯಾಮೆರಾ ಕಣ್ಣಿಗೆ ಬೀಳುವಷ್ಟು ಭಾಗವನ್ನು ಮಾತ್ರ ಗಣಕವು ಅತ್ಯಂತ ಸೂಕ್ಷ್ಮವಾಗಿ, ಅದೇ ಕೋನಕ್ಕೆ ತಕ್ಕಂತೆ ಮರುರಚಿಸುತ್ತದೆ. ಉಳಿದ ಗೋಡೆ ಬೆಳಕು ಚೆಲ್ಲುವ ಕೆಲಸಕ್ಕೆ ಮೀಸಲು. ಪಕ್ಕದಲ್ಲಿ ನಿಂತು ನೋಡಿದವರಿಗೆ ಚಿತ್ರ ಸೊಟ್ಟಗೆ ಕಾಣುತ್ತದೆ. ಕ್ಯಾಮೆರಾದ ಕಣ್ಣಿಗೆ ಮಾತ್ರ ಅದು ಸತ್ಯ.

ಬೆಳಕಿನ ಕೆಲಸವಂತೂ ಇನ್ನೂ ಮುಖ್ಯವಾದುದು. ಗ್ರೀನ್ ಮ್ಯಾಟ್ ಮುಂದೆ ಹೊಳೆಯುವ ಉಕ್ಕಿನ ಕವಚ ತೊಟ್ಟವನನ್ನು ನಿಲ್ಲಿಸಿದರೆ ಕವಚದ ತುಂಬ ಹಸಿರು ಬಣ್ಣ ಪ್ರತಿಫಲಿಸುತ್ತದೆ. ಅದನ್ನು ಆಮೇಲೆ ಒಂದೊಂದೇ ಚೌಕಟ್ಟಿನಲ್ಲಿ ಅಳಿಸುತ್ತ ಕೂರಬೇಕು. ಗೋಡೆಯ ಮುಂದೆ ನಿಲ್ಲಿಸಿದರೆ ಕವಚದಲ್ಲಿ ಆಕಾಶವೇ ಕಾಣುತ್ತದೆ. ಸಂಜೆಯ ಹೊಂಬೆಳಕಿಗೆ ಕಾದು ಕೂರಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೇಕೆಂದರೂ ಸೂರ್ಯಾಸ್ತ ಸಿದ್ಧ, ಮಧ್ಯಾಹ್ನ ಮೂರರವರೆಗೆ ಬೇಕೆಂದರೂ ಸಿದ್ಧ.

ಬೆಂಗಳೂರಿನ ನಂಟು

ಈ ಧಾರಾವಾಹಿಯ ರೂವಾರಿ ಜಾನ್ ಫಾವ್ರೊ ಅವರು ಅದಕ್ಕೆ ಮೊದಲು ನಿರ್ದೇಶಿಸಿದ್ದ ಚಿತ್ರಗಳಲ್ಲಿ 2016ರ 'ದಿ ಜಂಗಲ್ ಬುಕ್' ಮತ್ತು 2019ರ 'ದಿ ಲಯನ್ ಕಿಂಗ್' ಸೇರಿವೆ. ಭಾರತದ ದಟ್ಟಡವಿಯಲ್ಲಿ ನಡೆಯುವ 'ಜಂಗಲ್ ಬುಕ್' ಕಥೆಯ ಕೊನೆಯಲ್ಲಿ, ಇದನ್ನು ಲಾಸ್ ಏಂಜಲೀಸ್ ನಗರದ ಮಧ್ಯಭಾಗದಲ್ಲಿ ಚಿತ್ರೀಕರಿಸಲಾಗಿದೆಯೆಂಬ ಸಾಲು ತೆರೆಯ ಮೇಲೆ ಬಂದಾಗ ಪ್ರೇಕ್ಷಕರು ಬೆರಗಾಗಿದ್ದರು. ಆ ಅಡವಿಯನ್ನು ಗಣಕದಲ್ಲಿ ಬೆಳೆಸಿದ ಪ್ರಮುಖ ಸಂಸ್ಥೆ ಎಂಪಿಸಿ. ಎಂಪಿಸಿಯ ದೊಡ್ಡ ನೆಲೆಗಳಲ್ಲೊಂದು ಬೆಂಗಳೂರಿನಲ್ಲಿತ್ತು. ಆ ಚಿತ್ರದ ಕೆಲಸದಲ್ಲಿ ಇಲ್ಲಿನವರ ಪಾಲೂ ಇತ್ತು. ಆ ಎಂಪಿಸಿ, ಟೆಕ್ನಿಕಲರ್ ಸಮೂಹಕ್ಕೆ ಸೇರಿದ ಸಂಸ್ಥೆ. 2025ರಲ್ಲಿ ಬೀದಿಗೆ ಬಿದ್ದವರು ಇದೇ ಕುಶಲಕರ್ಮಿಗಳು.

ಎಲ್‌ಇಡಿ ಗೋಡೆಯನ್ನು ಹಣವಿದ್ದವರು ಯಾರೂ ಕೊಳ್ಳಬಹುದು. ಅದು ಹಾಳೆ, ಅಷ್ಟೇ. ಅದರ ಮೇಲೆ ಬರೆಯುವವರು ಯಾರೆಂಬುದು ಪ್ರಶ್ನೆ. ಮರದ ತೊಗಟೆ, ಕಲ್ಲಿನ ಪಾಚಿ, ಮಳೆ ನಿಂತ ಮೇಲಿನ ಮೋಡ ಇವನ್ನು ಗಣಕದಲ್ಲಿ ನಂಬುವಂತೆ ಕಟ್ಟಬಲ್ಲವರನ್ನು ತಯಾರು ಮಾಡಲು ಹತ್ತು ಹದಿನೈದು ವರ್ಷ ಬೇಕು. ಆ ವರ್ಷಗಳನ್ನು ಬೆಂಗಳೂರು ಈಗಾಗಲೇ ಕಳೆದಿದೆ. ಆನಿಮೇಷನ್ ಮತ್ತು ದೃಶ್ಯ ಪರಿಣಾಮಗಳ ಕ್ಷೇತ್ರಕ್ಕೆಂದೇ 2012ರಷ್ಟು ಹಿಂದೆಯೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024ರಲ್ಲಿ ಹೊಸ ನೀತಿಯೂ ಬಂದಿದೆ. ಆದರೆ ಆ ನೀತಿ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಡತ, ಚಿತ್ರನಗರಿ ವಾರ್ತಾ ಇಲಾಖೆಯ ಕಡತ. ವಿಧಾನಸೌಧದ ಕಾರಿಡಾರಿನಲ್ಲಿ ಈ ಎರಡು ಕಡತಗಳು ಎಂದಾದರೂ ಮುಖಾಮುಖಿಯಾಗಿವೆಯೆಂದು ನಂಬುವುದು ಕಷ್ಟ.

ಚಿತ್ರನಗರಿಯ ಊರಾಟ

ಚಿತ್ರನಗರಿಯ ಪುರಾಣ ಓದುಗರಿಗೆ ಹೊಸದಲ್ಲ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಅದು ನಂಜನಗೂಡು ತಾಲ್ಲೂಕಿನ ಹಿಮ್ಮಾವಿಗೆ ಎಂದಾಯಿತು. 2018ರಲ್ಲಿ ಕುಮಾರಸ್ವಾಮಿಯವರು ಬಂದಾಗ ರಾಮನಗರಕ್ಕೆ ಹೊರಟಿತು. ಯಡಿಯೂರಪ್ಪನವರ ಕಾಲದಲ್ಲಿ ಬೆಂಗಳೂರಿನ ರೋರಿಕ್ ಎಸ್ಟೇಟಿನ ಕಡೆ ತಿರುಗಿತು. 2020ರ ಆಯವ್ಯಯದಲ್ಲಿಯೂ 500 ಕೋಟಿಯ ಮಾತೇ ಇತ್ತು. ಮತ್ತೆ ಸಿದ್ದರಾಮಯ್ಯ, ಮತ್ತೆ ಮೈಸೂರು. ಇಷ್ಟೂ ವರ್ಷ ಚರ್ಚೆಯಾದದ್ದು ಯಾವ ಜಿಲ್ಲೆ, ಎಷ್ಟು ಎಕರೆ ಎಂಬೆರಡೇ ಸಂಗತಿ. ಒಳಗೆ ಏನಿರಬೇಕೆಂಬುದು ಚರ್ಚೆಗೆ ಬರಲೇ ಇಲ್ಲ. ಎಲ್ಲರ ಕಣ್ಣೆದುರೂ ಇದ್ದದ್ದು 1996ರಲ್ಲಿ ಹೈದರಾಬಾದ್ ಹೊರವಲಯದಲ್ಲಿ ತಲೆಯೆತ್ತಿದ, ಒಂದೂವರೆ ಸಾವಿರ ಎಕರೆಗೂ ಮೀರಿದ ರಾಮೋಜಿ ಫಿಲ್ಮ್ ಸಿಟಿಯ ಮಾದರಿ. ಅದೇ ಹೈದರಾಬಾದ್‌ನಲ್ಲಿ ಅನ್ನಪೂರ್ಣ ಸ್ಟುಡಿಯೊ ಕ್ಯೂಬ್ ಸಂಸ್ಥೆಯೊಡನೆ ಸೇರಿ ಎಲ್‌ಇಡಿ ಗೋಡೆಯ ವರ್ಚುವಲ್ ಪ್ರೊಡಕ್ಷನ್ ವೇದಿಕೆಯನ್ನು ಆರಂಭಿಸಿಯಾಗಿದೆ. ನಾವು ಮಾತ್ರ ಇನ್ನೂ 1996ನ್ನೇ ಬೆನ್ನಟ್ಟುತ್ತಿದ್ದೇವೆ.

ಹಾಗೆಂದು ಗೋಡೆಯೊಂದೇ ಸರ್ವರೋಗಕ್ಕೂ ಮದ್ದೆಂದು ಹೊರಟರೆ ಅದೂ ತಪ್ಪಾದೀತು. ಈ ತಂತ್ರದ ಮಿತಿಗಳು ಸಣ್ಣವಲ್ಲ. ಮ್ಯಾಂಡಲೋರಿಯನ್ ಗೋಡೆಯಲ್ಲಿ ಒಂದು ಬೆಳಕಿನ ಚುಕ್ಕೆಗೂ ಇನ್ನೊಂದಕ್ಕೂ 2.84 ಮಿಲಿಮೀಟರ್ ಅಂತರ. ಒಂದು ಚದರ ಮೀಟರ್‌ನಲ್ಲಿ ಸುಮಾರು 1.24 ಲಕ್ಷ ಚುಕ್ಕೆಗಳಾದವು. ಕೇಳಲು ದೊಡ್ಡ ಸಂಖ್ಯೆ. ಆದರೂ ಕ್ಯಾಮೆರಾ ನೇರವಾಗಿ ಗೋಡೆಯ ಮೇಲೆಯೇ ಗಮನ ಕೇಂದ್ರೀಕರಿಸಿದರೆ ರೇಷ್ಮೆ ಸೀರೆಯ ನೆರಳಿನಂತೆ ಅಲೆಯಲೆಯಾದ ಗೆರೆಗಳು ಮೂಡುತ್ತವೆ. ಆದ್ದರಿಂದ ಹಿನ್ನೆಲೆಯನ್ನು ಸದಾ ಮಸುಕಾಗಿಯೇ ಇಡಬೇಕು. ಎಲ್‌ಇಡಿಯ ಬೆಳಕು ಮೃದು. ನಮ್ಮ ಕಲಬುರಗಿಯ ಮಧ್ಯಾಹ್ನದ ಬಿಸಿಲಿನಂತೆ ಚೂಪು ನೆರಳು ಬೀಳಿಸುವ ಶಕ್ತಿ ಅದಕ್ಕಿಲ್ಲ, ಬೇರೆ ದೀಪ ಬೇಕು. ಕೆಂಪು, ಹಸಿರು, ನೀಲಿ ಮೂರೇ ಬಣ್ಣಗಳ ಕಿರಿದಾದ ಬೆಳಕಾದ್ದರಿಂದ ಮನುಷ್ಯರ ಮೈಬಣ್ಣ ಅದರಡಿಯಲ್ಲಿ ಸಹಜವಾಗಿ ಕಾಣುವುದಿಲ್ಲ. ಛಾಯಾಗ್ರಾಹಕ ಪ್ರತ್ಯೇಕವಾಗಿ ತಿದ್ದಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ವೃತ್ತದೊಳಗೆ ಎಲ್ಲವನ್ನೂ ತೆಗೆದಾಗ ನಟರು ಎಷ್ಟು ನಡೆದರೂ ಎಲ್ಲಿಗೂ ಹೋಗದಂತೆ ಕಾಣುತ್ತದೆ. ಅದೇ ಸ್ಟಾರ್ ವಾರ್ಸ್ ಬಳಗದ 'ಆಂಡೋರ್' ಧಾರಾವಾಹಿಯ ತಂಡ 2022ರಲ್ಲಿ ಈ ಗೋಡೆಯನ್ನು ಬಿಟ್ಟು, ದೊಡ್ಡ ಸೆಟ್‌ಗಳಿಗೂ ಬ್ರಿಟನ್ನಿನ ನಿಜವಾದ ಹೊರಾಂಗಣಗಳಿಗೂ ಮೊರೆಹೋದದ್ದು, ಮತ್ತು ಅದಕ್ಕೆ ಅಪಾರ ಮೆಚ್ಚುಗೆ ದೊರೆತದ್ದು ಗಮನಿಸತಕ್ಕ ಸಂಗತಿ.

ನಮ್ಮ ಗಾಂಧಿನಗರಕ್ಕೆ ಇನ್ನೊಂದು ತೊಡಕಿದೆ, ಅದು ತಂತ್ರಜ್ಞಾನದ್ದಲ್ಲ. ಗ್ರೀನ್ ಮ್ಯಾಟ್ ಇದ್ದಾಗ ಹಿನ್ನೆಲೆಯಲ್ಲಿ ಏನಿರಬೇಕೆಂಬ ತೀರ್ಮಾನವನ್ನು ಬಿಡುಗಡೆಯ ಹಿಂದಿನ ವಾರದವರೆಗೂ ಮುಂದೂಡಬಹುದು. ಗೋಡೆ ಅದಕ್ಕೆ ಅವಕಾಶ ಕೊಡದು. ಚಿತ್ರೀಕರಣದ ಮೊದಲ ದಿನಕ್ಕೆ ಮುನ್ನವೇ ಬೆಟ್ಟ ಎಲ್ಲಿ, ಗುಡಿ ಎಲ್ಲಿ, ಸೂರ್ಯ ಯಾವ ದಿಕ್ಕಿನಲ್ಲಿ ಎಂಬುದೆಲ್ಲ ಅಂತಿಮವಾಗಿರಬೇಕು. ಅಂದರೆ ಚಿತ್ರಕಥೆ ಅಷ್ಟು ಮೊದಲೇ ಮುಗಿದಿರಬೇಕು. ನಾಯಕನಟನ ಕಾಲ್‌ಶೀಟ್ ಸಿಕ್ಕಿದ ಮೇಲೆ ಕಥೆ ಹುಡುಕುವ, ಸಂಭಾಷಣೆಯನ್ನು ಸೆಟ್ಟಿನ ಮರದ ನೆರಳಿನಲ್ಲಿ ಬರೆಯುವ ಪದ್ಧತಿಯಿರುವಲ್ಲಿ ಇದು ಸಣ್ಣ ಬದಲಾವಣೆಯಲ್ಲ. ನಿರ್ಮಾಪಕ ಹಣವನ್ನು ಮೊದಲೇ ಸುರಿಯಬೇಕಾಗುತ್ತದೆ. ಬಡ್ಡಿಗೆ ತಂದು ಚಿತ್ರ ಮಾಡುವವರಿಗೆ ಅದು ಹೊರೆಯೇ ಸರಿ.

ಹೊರಾಂಗಣದ ಕಷ್ಟಗಳೂ ಇತ್ತೀಚೆಗೆ ಹೆಚ್ಚಿವೆ ಎಂಬುದನ್ನು ಮರೆಯುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪೀಣ್ಯದ ಎಚ್‌ಎಂಟಿ ಜಮೀನಿನಲ್ಲಿ 'ಟಾಕ್ಸಿಕ್' ಚಿತ್ರದ ಸೆಟ್ಟಿಗಾಗಿ ಮರ ಕಡಿಯಲಾಗಿದೆಯೆಂದು ಅರಣ್ಯ ಸಚಿವರೇ ಆರೋಪಿಸಿ, ಪ್ರಕರಣ ದಾಖಲಾಯಿತು. ನಿರ್ಮಾಣ ಸಂಸ್ಥೆ ಆರೋಪವನ್ನು ನಿರಾಕರಿಸಿತು. ಆ ವಿವಾದದ ಸತ್ಯಾಸತ್ಯತೆ ಏನೇ ಇರಲಿ, ಅರಣ್ಯಭೂಮಿಯಲ್ಲಿ ದೊಡ್ಡ ಸೆಟ್ ಹಾಕುವುದು ಇನ್ನು ಮುಂದೆ ಸುಲಭದ ಮಾತಲ್ಲ.

ಯಾರ ಕೆಲಸ ಹೋಗುತ್ತದೆ ಎಂಬ ಪ್ರಶ್ನೆಯನ್ನೂ ಮುಚ್ಚಿಡಬಾರದು. ಬಡಗಿ, ಬಣ್ಣದವರು, ಔಟ್‌ಡೋರ್ ಯೂನಿಟ್‌ನ ಚಾಲಕ, ದೀಪ ಹೊರುವ ಲೈಟ್‌ಬಾಯ್, ಊಟ ಸಾಗಿಸುವ ಪ್ರೊಡಕ್ಷನ್ ಹುಡುಗ ಇವರೆಲ್ಲರ ಬಾಟಾ ಹೊರಾಂಗಣ ದಿನಗಳನ್ನು ಅವಲಂಬಿಸಿದೆ. ಬಡಗಿಗಳ ಮಟ್ಟಿಗೆ ಸ್ವಲ್ಪ ಸಮಾಧಾನವಿದೆ: ಗೋಡೆಯ ಮುಂದಿನ ನೆಲ, ಬಂಡೆ, ಬಾಗಿಲು ನಿಜವಾದದ್ದೇ ಆಗಿರಬೇಕು, ಮತ್ತು ಅದರ ಬಣ್ಣ ಪರದೆಯ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಅದಕ್ಕೆ ಹಿಂದಿಗಿಂತ ಹೆಚ್ಚಿನ ಕೈಚಳಕ ಬೇಕು. ಸಾರಿಗೆ ಮತ್ತು ಊಟದವರಿಗೆ ಅಂಥ ಸಮಾಧಾನ ಹೇಳಲು ಬರುವುದಿಲ್ಲ.

ಮೈಸೂರಿಗೆ ಬಂದ ಮೇಲೆ ಇನ್ನೊಂದು ಮಾತು. 1989ರ ಫೆಬ್ರವರಿ 8ರಂದು ಇದೇ ನಗರದ ಪ್ರೀಮಿಯರ್ ಸ್ಟುಡಿಯೊದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿ 62 ಜನರನ್ನು ಬಲಿ ತೆಗೆದುಕೊಂಡಿತು. ಸಾವಿರಾರು ಫಲಕಗಳ ಗೋಡೆಯೆಂದರೆ ಮುಚ್ಚಿದ ಸಭಾಂಗಣದಲ್ಲಿ ಅಪಾರ ವಿದ್ಯುತ್ತು, ಅಪಾರ ಶಾಖ. ಟೆಂಡರ್ ಕರೆಯುವವರು ಎಕರೆಗಳ ನಕಾಶೆಗಿಂತ ಮೊದಲು ಈ ದಿನಾಂಕವನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳಿತು.

150 ಎಕರೆಯಲ್ಲಿ ಒಂದೆರಡು ಎಕರೆಯ ವೇದಿಕೆಯಿಂದಲೇ ಕೆಲಸ ಆರಂಭಿಸಿ, ಕೆಲಸ ಕಳೆದುಕೊಂಡ ಕುಶಲಕರ್ಮಿಗಳಲ್ಲಿ ಇನ್ನೂ ಇಲ್ಲಿಯೇ ಉಳಿದವರನ್ನು ಕರೆದು ಕೂರಿಸಿ, ನಾಡಿನ ತಾಣಗಳ ಡಿಜಿಟಲ್ ಭಂಡಾರವೊಂದನ್ನು ಕಟ್ಟಿಸಿದರೆ ಹೇಗೆ? ಸಣ್ಣ ಬಂಡವಾಳದ ಕನ್ನಡ ಚಿತ್ರಕ್ಕೂ ಧಾರಾವಾಹಿಗೂ ಕಡಿಮೆ ಬಾಡಿಗೆಗೆ ಅದು ದಕ್ಕಬೇಕು. ಈ ಸಲಹೆಯ ಜೊತೆಗೇ ಒಂದು ಸಂದೇಹವೂ ಹುಟ್ಟುತ್ತದೆ. ಹಂಪಿಯಲ್ಲಿ ಚಿತ್ರೀಕರಿಸಬೇಕಾದರೆ ಇಂದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ತಂಡ ಬಂದರೆ ಕಮಲಾಪುರ, ಹೊಸಪೇಟೆಗಳ ವಸತಿಗೃಹಗಳೂ ತುಂಬುತ್ತವೆ. ಅದೇ ಹಂಪಿಯನ್ನು ಒಮ್ಮೆ ಸ್ಕ್ಯಾನ್ ಮಾಡಿ ಗಣಕಕ್ಕೆ ಇಳಿಸಿದರೆ ನೂರು ಚಿತ್ರಗಳು ಅದನ್ನು ನಂಜನಗೂಡಿನಲ್ಲೋ ಮುಂಬೈನಲ್ಲೋ ಲಂಡನ್ನಿನಲ್ಲೋ ಗೋಡೆಯ ಮೇಲೆ ತೆರೆದುಕೊಳ್ಳಬಹುದು. ಆ ಪ್ರತಿಯ ಒಡೆತನ ಯಾರದು, ಅದರ ಬಾಡಿಗೆಯಲ್ಲಿ ಹಂಪಿಗೆ ಪಾಲೆಷ್ಟು ಎಂಬುದನ್ನು ಸ್ಕ್ಯಾನರ್ ಹಿಡಿದ ಮೊದಲ ಸಂಸ್ಥೆ ತುಂಗಭದ್ರೆಯ ದಡಕ್ಕೆ ಬರುವ ಮೊದಲೇ ಸರ್ಕಾರ ಬರೆದಿಡಬೇಕಾಗುತ್ತದೆ.