ಮನೆವೈದ್ಯ: ಕಾಲಿನ ನೀಲಿ ನರ

ಲೇಕ್ ಮಾರ್ಕೆಟ್ಟಿನಿಂದ ಬಾಳೆಲೆ, ಕರಿಬೇವು ಹೊತ್ತು ತಂದ ನಮ್ಮ ಹಿರಿಯ ಸೋದರಿಯೊಬ್ಬರು ಮೊನ್ನೆ ನಮ್ಮಲ್ಲಿ ಕುಳಿತು ಕಾಲು ತೋರಿಸಿದರು. ಮೀನಖಂಡದ ಮೇಲೆ ಸುರುಳಿಗೊಂಡ ನೀಲಿ ನರ. ಹರಡಿನ ಬಳಿ ಚರ್ಮ ಕಪ್ಪಾಗಿದೆ. ತಡಮಾಡಿದರೆ ಅಲ್ಲಿ ಹುಣ್ಣಾದೀತು. “ಆಪರೇಷನ್ನೆಂದರೆ ತಿಂಗಳು ಮಲಗಬೇಕಲ್ಲಮ್ಮಾ, ಅಡಿಗೆ ಯಾರು ಮಾಡುವರು?” ಎಂದರು.

ನರವೆನ್ನುವುದು ರೂಢಿ, ಅದು ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಒಳಗಿನ ಕವಾಟಗಳು ಕೆಟ್ಟರೆ ರಕ್ತ ಕೆಳಗೇ ತಂಗಿ ನಾಳ ಉಬ್ಬುತ್ತದೆ. ಹಿಂದೆ ತೊಡೆಸಂದಿಯಲ್ಲಿ ಕೊಯ್ದು ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಈಗ ಡಾಪ್ಲರಿನಲ್ಲಿ ನೋಡಿ, ಸೂಜಿಯಷ್ಟು ರಂಧ್ರದಿಂದ ಲೇಸರ್ ಇಲ್ಲವೆ ರೇಡಿಯೋ ತರಂಗದ ಶಾಖ ಕೊಟ್ಟು ಮುಚ್ಚುತ್ತಾರೆ. ಕಾಲಿಗಷ್ಟೇ ಮರಗಟ್ಟಿಸುವ ಚುಚ್ಚುಮದ್ದು. ಸಾಮಾನ್ಯವಾಗಿ ಅಂದೇ ನಡೆದು ಮನೆಗೆ ಬರಬಹುದು. ಕೆಲವು ನಾಳಗಳಿಗೆ ನೊರೆಮದ್ದೇ ಸಾಕು.

ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ಮಾತ್ರ ಎಣ್ಣೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.