ನಕ್ಕರೆ ಮರೆತಂತೆಯೇ?

1966ರ ಫ್ರೆಂಚ್ ಚಿತ್ರ ‘ಲಾ ಗ್ರಾಂದ್ ವಾದ್ರೂಯ್’ ನಾಜಿ ಆಡಳಿತದ ದಿನಗಳನ್ನು ತಮಾಷೆ ಮಾಡಿ ಕೈತೊಳೆದುಕೊಂಡಿತೆಂಬ ಮಾತು ಅರ್ಧ ನಿಜ. ಜರ್ಮನರೊಡನೆ ಕೈಜೋಡಿಸಿದ ಫ್ರೆಂಚರ ವಿಷಯಕ್ಕೆ ಚಿತ್ರ ಹೋಗುವುದಿಲ್ಲ, ಒಪ್ಪೋಣ. ಆದರೆ ಅದು ವೀರಗಾಥೆಯನ್ನೂ ಹಾಡುವುದಿಲ್ಲ. ಬ್ರಿಟಿಷ್ ವೈಮಾನಿಕರು ಪ್ಯಾರಾಚೂಟಿನಲ್ಲಿ ಬಂದಿಳಿದಾಗ ಪೇಂಟರ್ (ನಟ ಬೂರ್ವಿಲ್), ಒಪೆರಾದ ವಾದ್ಯವೃಂದ ನಡೆಸುವ ಸಂಗೀತಗಾರ (ನಟ ದ ಫ್ಯುನೆಸ್) ಇಬ್ಬರೂ ಬೇಡದ ಉಸಾಬರಿಗೆ ಸಿಕ್ಕಿಬಿದ್ದವರು. ಪ್ರಾಣಭಯದಲ್ಲೂ ದೊಡ್ಡಸ್ತಿಕೆ ಬಿಡದು: ಸಂಗೀತಗಾರ ಮಹಾಶಯ ಪೇಂಟರನ ಬೂಟನ್ನೂ ಪಡೆಯುತ್ತಾನೆ, ಹೆಗಲನ್ನೂ ಏರುತ್ತಾನೆ! ನೊಂದವರು ಹೀಗೆ ನಗುತ್ತಾರೆಯೇ ಎಂದರೆ, ನಿರ್ದೇಶಕ ಜೆರಾರ್ ಉರಿಯೇ ಯಹೂದಿ. ಯುದ್ಧಕಾಲದಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋದವರು. ಫ್ರಾನ್ಸಿನಲ್ಲಿ ಚಿತ್ರದ 1.7 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಕೊಂಡವರಲ್ಲಿ ಆ ದಿನಗಳನ್ನು ಕಂಡುಂಡವರು ಕಡಿಮೆಯೇನಲ್ಲ. ಹಮಾಮಿನ ದಟ್ಟ ಹಬೆಯಲ್ಲಿ, ಮುಖ ಕಾಣದವರನ್ನು ಬರೀ ಶಿಳ್ಳೆಯಿಂದ ಗುರುತಿಸಬೇಕಾದ ಆ ದೃಶ್ಯ ಅವರಿಗೆ ಕೇವಲ ಕೋಡಂಗಿಯಾಟವಾಗಿ ಕಂಡಿರಲಾರದು.